ಒಂದು ಬೆಡ್‌ಶೀಟಿಗೆ ಒಂದು ಮಾತು

ಫೆಬ್ರವರಿ 4

ಉದ್ದಕ್ಕಾ,

ನಿನ್ನ ಕಾರ್ಡು ಬಂತು. ಮೂರೇ ಸಾಲು. ಸುಖವಾಗಿ ತಲುಪಿದೆ, ತಮ್ಮನ ಮಗು ಚೆನ್ನಾಗಿದೆ, ನೀನು ಹುಷಾರು. ಹನ್ನೊಂದು ವರ್ಷ ಬಾಯಿ ಮುಚ್ಚದವಳು ಕಾರ್ಡಿನಲ್ಲಿ ಇಷ್ಟು ಜಿಪುಣಿಯಾಗುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ನೀನು ಹೋದ ಮಾರನೆಯ ದಿನವೇ ಮೇಸ್ತ್ರಿ ಲಾಂಡ್ರಿಯಲ್ಲಿ ನಿನ್ನ ಜಾಗಕ್ಕೆ ನಮ್ಮ ಆಸ್ಪತ್ರೆಯ ಅಡುಗೆಮನೆಯಿಂದಲೇ ಒಬ್ಬಳನ್ನು ಕರೆತಂದ. ನನ್ನಷ್ಟೇ ಗಿಡ್ಡ. ಅವಳು ಬೆಡ್‌ಶೀಟಿನ ಆ ತುದಿ ಹಿಡಿದು ನಾನು ಈ ತುದಿ ಹಿಡಿದರೆ ಯಾರೂ ಬಗ್ಗಬೇಕಾಗಿಲ್ಲ. ಅಂಚಿಗೆ ಅಂಚು ಗೆರೆ ಎಳೆದ ಹಾಗೆ ಕೂರುತ್ತದೆ. ನೀನು ಹನ್ನೊಂದು ವರ್ಷ ನನ್ನ ಎತ್ತರಕ್ಕೆ ಬೆನ್ನು ಬಗ್ಗಿಸಿ ನಿಂತರೂ ನಮ್ಮ ಮಡಿಕೆ ಒಂದು ಬೆರಳಿನಷ್ಟು ಸೊಟ್ಟ ಇರುತ್ತಿತ್ತಲ್ಲ. ಈಗ ಲಾಂಡ್ರಿಗೆ ಒಂದು ಲಕ್ಷಣ ಬಂತು ಎಂದು ಮೇಸ್ತ್ರಿ ಎಲ್ಲರ ಮುಂದೆ ಹೇಳಿದ. ನನಗೆ ಆ ನೆಟ್ಟಗಿನ ಬೆಡ್‌ಶೀಟುಗಳನ್ನು ಕಂಡರೆ ಆಗುವುದಿಲ್ಲ.

ನಮ್ಮ ಪದ್ಧತಿಯನ್ನು ಅವಳಿಗೂ ವಿವರಿಸಿದೆ. ಒಗೆಯುವ ಯಂತ್ರಗಳ ಗದ್ದಲದಲ್ಲಿ ಎರಡು ಮಾರು ದೂರದ ಮಾತೂ ಕೇಳಿಸುವುದಿಲ್ಲ. ಆದ್ದರಿಂದ ಬೆಡ್‌ಶೀಟನ್ನು ಜಾಡಿಸಿ, ಉದ್ದಕ್ಕೆ ಎರಡು ಸಲ ಮಡಿಸಿ, ನಾನು ಎರಡು ಹೆಜ್ಜೆ ನಡೆದು ಬಂದು ನನ್ನ ಮೂಲೆಗಳನ್ನು ನಿನ್ನ ಕೈಗೆ ಕೊಡುವಾಗ ಮಾತ್ರ ಮಾತು. ಒಂದು ಬೆಡ್‌ಶೀಟಿಗೆ ಒಂದು ಮಾತು. ಮುಂದಿನ ಮಾತಿಗೆ ಮುಂದಿನ ಬೆಡ್‌ಶೀಟು ಬರಬೇಕು. ದಿನಕ್ಕೆ ಮುನ್ನೂರ ಎಂಬತ್ತು. ಅವಳು ಎಲ್ಲ ಕೇಳಿಸಿಕೊಂಡು, “ನಂಗೆ ಮಾತಾಡೋಕೆ ಏನೂ ಇಲ್ಲಮ್ಮ” ಅಂದಳು. ನಾನು ಈಗಲೂ ಮೂಲೆ ಕೊಡುವಾಗ ಕಿವಿಯನ್ನು ಸ್ವಲ್ಪ ಮುಂದೆ ಮಾಡುತ್ತೇನೆ. ಅವಳು ಹಿಂದೆ ಸರಿಯುತ್ತಾಳೆ.

ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ನನ್ನ ಕೋಣೆ ನಿನಗೆ ಗೊತ್ತಲ್ಲ. ಮೊದಲು ಅಲ್ಲಿ ಬರೀ ನಿದ್ದೆ ಮಾಡುತ್ತಿದ್ದೆ. ಈಗ ಅಲ್ಲಿ ಇರಬೇಕಾಗಿದೆ. ಊಟವನ್ನು ನಿಂತೇ ಮುಗಿಸುತ್ತೇನೆ. ತಲೆ ಬಾಚಿ ಮೂರು ದಿನವಾಯಿತು.

ನಿನ್ನ ಚಿಕ್ಕಪ್ಪನ ಎರಡನೇ ಮದುವೆಯ ಕಥೆ ಅರ್ಧಕ್ಕೇ ನಿಂತಿದೆ. ಮದುವೆಯ ಬೆಳಿಗ್ಗೆ ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ಕಳೆದುಹೋಯಿತು ಎನ್ನುವಲ್ಲಿಗೆ ಗಂಟೆ ಹೊಡೆಯಿತು. ಮುಂದೇನಾಯಿತು ಬರಿ.

ಆಗಸ್ಟ್‌ಗೆ ಖಂಡಿತ ಬರುತ್ತೇನೆ ಅಂದಿದ್ದೀಯ. ಬಂದು ಆ ತುದಿಗೆ ನಿಲ್ಲು. ಅಲ್ಲಿಯವರೆಗೆ ಒಂದು ದಿನವನ್ನು ನೂಕುವುದು ಹೇಗೆಂದು ಹೇಳಿಕೊಡು. ನನಗೆ ನೆಟ್ಟಗೆ ಬರೆಯಲು ಕಲಿಸಿದವಳು ನೀನು, ಇದನ್ನೂ ಕಲಿಸು.

ಗಿಡ್ಡಿ


ಫೆಬ್ರವರಿ 13

ಗಿಡ್ಡಿ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಮೂರು ದಿನ ತಲೆ ಬಾಚದೆ ಆಸ್ಪತ್ರೆಗೆ ಹೋದರೆ ಕೆಲಸದವಳೆಂದು ಒಳಗೆ ಬಿಡುತ್ತಾರೋ, ರೋಗಿಯೆಂದು ಮಂಚಕ್ಕೆ ಹಾಕುತ್ತಾರೋ?

ಇಲ್ಲಿ ನನಗೆ ಉಸಿರು ಬಿಡಲು ಪುರುಸೊತ್ತಿಲ್ಲ. ತಮ್ಮನ ಮಗು ನನ್ನನ್ನು ಬಿಟ್ಟು ಬೇರೆ ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಸ್ನಾನ, ಬಟ್ಟೆ, ನಿದ್ದೆ ಎಲ್ಲಕ್ಕೂ ನಾನೇ. “ಅತ್ತಿಗೆ, ನೀವಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತು” ಎಂದು ತಮ್ಮನ ಹೆಂಡತಿ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಹಾಗಾಗಿ ಕಾರ್ಡಿನಲ್ಲಿ ಮೂರೇ ಸಾಲು. ಕ್ಷಮಿಸು ತಾಯಿ.

ದಿನ ನೂಕುವುದನ್ನು ಕಲಿಸು ಅಂದಿದ್ದೀಯ. ಕೇಳು. ಗಂಡ ಸತ್ತ ವರ್ಷ ನಾನೂ ಹೀಗೇ ಬಿದ್ದುಕೊಂಡಿದ್ದೆ. ಆಗ ನನ್ನನ್ನು ಎಬ್ಬಿಸಿದ್ದು ದೇವರೂ ಅಲ್ಲ, ಡಾಕ್ಟರೂ ಅಲ್ಲ. ಎದ್ದ ತಕ್ಷಣ ಹಾಸಿಗೆ ಸುತ್ತಿಡುವ ಒಂದು ರೂಢಿ. ಸುತ್ತಿಟ್ಟ ಹಾಸಿಗೆಯ ಮೇಲೆ ಮತ್ತೆ ಬಿದ್ದುಕೊಳ್ಳಲು ಆಗುವುದಿಲ್ಲ, ಮನುಷ್ಯನಿಗೆ ನಾಚಿಕೆಯಾಗುತ್ತದೆ. ದೊಡ್ಡ ಸುಖ ನಮ್ಮಂಥವರ ಮನೆಯ ವಿಳಾಸ ಹುಡುಕಿಕೊಂಡು ಬರುವುದಿಲ್ಲ. ನಾವು ಸಣ್ಣಪುಟ್ಟ ರೂಢಿಗಳನ್ನು ಹಿಡಿದುಕೊಂಡು ಕೂತಿದ್ದರೆ ಅವುಗಳ ಸಂದಿಯಲ್ಲಿ ಒಂದಿಷ್ಟು ಬಂದು ಸೇರುತ್ತದೆ.

ಆದ್ದರಿಂದ ಹಾಸಿಗೆ ಸುತ್ತು. ಕಿಟಕಿ ತೆಗೆ, ಎದುರಿಗೆ ಗೋಡೆಯೇ ಇದ್ದರೂ ತೆಗೆ. ತಲೆ ಬಾಚದೆ ಚಹಾ ಮುಟ್ಟಬೇಡ. ಊಟವನ್ನು ಕೂತು ಮಾಡು, ನಿಂತು ತಿನ್ನುವುದು ಕುದುರೆ. ದಿನಕ್ಕೆ ಅರ್ಧ ಪುಟ ಬರೆಯುವುದನ್ನು ಬಿಡಬೇಡ. ಲಾಂಡ್ರಿಯ ಚೀಟಿಗಳ ಬೆನ್ನ ಮೇಲೆ ಎಷ್ಟು ಕಷ್ಟಪಟ್ಟು ಕಲಿಸಿದ್ದೇನೆ.

ಚಿಕ್ಕಪ್ಪನ ಹಲ್ಲು ಈಗ ಸಿಗುವುದಿಲ್ಲ. ಒಂದು ತಿಂಗಳು ತಲೆ ಬಾಚಿದ ಸುದ್ದಿ ಬಂದ ಮೇಲೆ.

ಉದ್ದಕ್ಕ


ಮಾರ್ಚ್ 12

ಉದ್ದಕ್ಕಾ,

ಬಾಚಿದೆ. ದಿನವೂ ಬಾಚಿದೆ.

ಮೊದಲ ವಾರ ನಿನ್ನನ್ನು ಬೈದುಕೊಂಡೇ ಹಾಸಿಗೆ ಸುತ್ತಿದೆ. ಎರಡನೇ ವಾರ ಬೈಯಲು ಮರೆತೆ. ಕಿಟಕಿಯ ಎದುರಿನ ಗೋಡೆಯಲ್ಲಿ ಒಂದು ಕೊಳವೆ ಇದೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಮೇಲಿನ ಮನೆಯಲ್ಲಿ ಯಾರೋ ಆರೂಕಾಲಿಗೆ ಸ್ನಾನ ಮಾಡುತ್ತಾರೆ, ಆಗ ಅದು ಗೊಳಗೊಳ ಎನ್ನುತ್ತದೆ. ಅದನ್ನು ಕೇಳಿ ನಾನು ಹೊರಡುತ್ತೇನೆ. ಊಟಕ್ಕೆ ಕೂರುವುದನ್ನು ಕಲಿತ ಮೇಲೆ ಒಂದು ಸಂಗತಿ ತಿಳಿಯಿತು. ನಾನು ಮಾಡುವ ಅಡುಗೆ ಬಹಳ ಕೆಟ್ಟದಾಗಿರುತ್ತದೆ. ನಿಂತು ತಿನ್ನುವಾಗ ಗೊತ್ತಾಗುತ್ತಿರಲಿಲ್ಲ.

ಮೊನ್ನೆ ಬೀಗದವನು ಮೆಟ್ಟಿಲ ಬಳಿ ತಡೆದು, ಏನು ಈ ನಡುವೆ ಮುಖದಲ್ಲಿ ಕಳೆ ಇದೆಯಲ್ಲ ಎಂದು ಕೇಳಿದ. ಅಕ್ಕ ಹೇಳಿದ ಔಷಧಿ ಎಂದೆ. ನಿಜ ಹೇಳಬೇಕೆಂದರೆ ಸಂತೋಷ ಎನ್ನುವಷ್ಟು ಇಲ್ಲ. ಆದರೆ ಎರಡು ದುಃಖಗಳ ನಡುವೆ ಕೂರಲು ಒಂದು ಮಣೆ ಸಿಕ್ಕ ಹಾಗಿದೆ. ಆಗಸ್ಟ್‌ವರೆಗೆ ಹೀಗೆ ಕೂತಿರಬಲ್ಲೆ.

ಇನ್ನೊಂದು ವಿಷಯ. ಲಾಂಡ್ರಿಯ ಓಣಿಯಲ್ಲಿ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳು ಬಂದು ನಿಂತಿವೆ. ಬೆಡ್‌ಶೀಟನ್ನು ತಾನೇ ಒಣಗಿಸಿ, ಇಸ್ತ್ರಿ ಮಾಡಿ, ಮಡಿಸುವ ಯಂತ್ರವಂತೆ. ಇದು ಬರುತ್ತದೆಂದು ಈ ವರ್ಷದ ಮೊದಲಲ್ಲೇ ಮೇಸ್ತ್ರಿಗೆ ಗೊತ್ತಿತ್ತು ಎಂದು ಗೇಟಿನವನು ಹೇಳಿದ. ನಿನಗೆ ಮೇಸ್ತ್ರಿ ಏನಾದರೂ ಹೇಳಿದ್ದನೇ?

ಹಲ್ಲು ಕಳಿಸು.

ಗಿಡ್ಡಿ


ಮಾರ್ಚ್ 21

ಗಿಡ್ಡಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮಗುವಿಗೂ ಓದಿ ಹೇಳಿದೆ, ಕೊಳವೆಯ ಗೊಳಗೊಳಕ್ಕೆ ನಕ್ಕಿತು.

ಯಂತ್ರಗಳು ಬರುತ್ತವೆ, ಕೆಡುತ್ತವೆ. ಬಟ್ಟೆ ಒಣಗಿಸುವ ಯಂತ್ರ ಬಂದಾಗಲೂ ಎಲ್ಲರೂ ಬಾಯಿ ಬಡಿದುಕೊಂಡರು, ಆಮೇಲೆ ಅದರ ಮೇಲೆ ನಾವು ಊಟದ ಡಬ್ಬಿ ಬಿಸಿ ಮಾಡಿಕೊಂಡೆವು. ನೀನು ಅದರ ಚಿಂತೆ ಬಿಡು. ಆದರೆ ಒಂದು ಮಾತು. ಯಂತ್ರದ ಕೆಲಸಕ್ಕೆ ನಿನ್ನನ್ನು ಕರೆದರೆ ಬೇಡ ಎನ್ನಬೇಡ. ಹಟ ಮಾಡಬೇಡ. ಕರೆದವರ ಮುಂದೆ ಮುಖ ಗಂಟು ಹಾಕಿಕೊಂಡು ನಿಲ್ಲುವ ಚಾಳಿ ನಿನಗಿದೆ.

ಈಗ ಹಲ್ಲು. ಚಿಕ್ಕಪ್ಪನ ಸೆಟ್ಟು ಕಳೆದುಹೋಯಿತಲ್ಲ, ಬೊಚ್ಚುಬಾಯಿಯಲ್ಲಿ ಮದುವೆಗೆ ಕೂರುವುದು ಹೇಗೆ? ಅವರ ಅಣ್ಣನಿಗೂ ಕಟ್ಟಿಸಿದ ಹಲ್ಲೇ. ಅಣ್ಣ ತಮ್ಮಂದಿರ ದವಡೆ ಒಂದೇ ಅಳತೆ. ಅಣ್ಣ ತನ್ನದನ್ನು ಬಿಚ್ಚಿ ಕೊಟ್ಟ. ಆದರೆ ಅಣ್ಣನಿಗೂ ಫೋಟೋದಲ್ಲಿ ಚೆನ್ನಾಗಿ ಕಾಣಬೇಕೆಂಬ ಆಸೆ. ಒಂದು ಫೋಟೋಕ್ಕೆ ತಮ್ಮ, ಇನ್ನೊಂದಕ್ಕೆ ಅಣ್ಣ, ಬೆನ್ನ ಹಿಂದೆ ಕರವಸ್ತ್ರದಲ್ಲಿ ಸುತ್ತಿ ದಾಟಿಸಿದರು. ಆ ಆಲ್ಬಮ್ಮು ಈಗಲೂ ಇದೆ. ಒಂದೊಂದು ಫೋಟೋದಲ್ಲಿ ಇಬ್ಬರಲ್ಲಿ ಒಬ್ಬರು ಮಾತ್ರ ನಗುತ್ತಾರೆ.

ನಗು. ಇದಕ್ಕೆ ನಿನಗೆ ಏಳು ಬೆಡ್‌ಶೀಟಾದರೂ ಬೇಕಾಗುತ್ತಿತ್ತು, ಒಂದೇ ಉಸಿರಿಗೆ ಕೊಟ್ಟಿದ್ದೇನೆ.

ಉದ್ದಕ್ಕ


ಏಪ್ರಿಲ್ 14

ಉದ್ದಕ್ಕಾ,

ನಾನು ಕೇಳಿದ್ದಕ್ಕೆ ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದಿದ್ದೀಯ. ಇರಲಿ.

ಯಂತ್ರ ಕೂತಿತು. ಮಡಿಸುವ ಜೋಡಿಗಳನ್ನೆಲ್ಲ ಬಿಡಿಸಿದರು. ನನ್ನ ಜೊತೆಯವಳು ಮತ್ತೆ ಅಡುಗೆಮನೆಗೆ ಹೋದಳು, ಹೋಗುವಾಗಲೂ ಏನೂ ಹೇಳಲಿಲ್ಲ. ಯಂತ್ರಕ್ಕೆ ನನ್ನೊಬ್ಬಳನ್ನೇ ಹಾಕಿದ್ದಾರೆ. ನೀನು ಹೇಳಿದಂತೆ ಮುಖ ಗಂಟು ಹಾಕದೆ ಒಪ್ಪಿಕೊಂಡೆ.

ಕೆಲಸ ಸುಲಭ. ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು, ಓಡುವ ಪಟ್ಟಿಯ ಮೇಲೆ ಇಟ್ಟು, ತಕ್ಷಣ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಪಟ್ಟಿ ಅದನ್ನು ಎರಡು ಬಿಸಿ ಉರುಳೆಗಳ ನಡುವೆ ಎಳೆದುಕೊಳ್ಳುತ್ತದೆ. ಆ ಕಡೆ ಮಡಿಸಿ ಬೀಳುತ್ತದೆ. ನನಗೆ ಕಷ್ಟವಾಗುವುದು ಆ ಹಿಂದಿನ ಹೆಜ್ಜೆ. ಕಾಲು ಮುಂದಕ್ಕೇ ಹೋಗುತ್ತದೆ. ಮೇಸ್ತ್ರಿ ಎರಡು ಸಲ ಗದರಿಸಿದ. ಈಗ ಪ್ರತಿ ಬೆಡ್‌ಶೀಟಿಗೂ ಮನಸ್ಸಿನಲ್ಲೇ ‘ಹಿಂದೆ, ಹಿಂದೆ’ ಅಂದುಕೊಳ್ಳುತ್ತೇನೆ. ದಿನಕ್ಕೆ ಒಂಬೈನೂರು ಸಲ ಹಿಂದೆ. ಸಂಜೆ ಮನೆಗೆ ಬಂದರೆ ಯಾರೋ ಹಗಲೆಲ್ಲ ನನ್ನನ್ನು ಎದೆಗೆ ಕೈಯಿಟ್ಟು ತಳ್ಳಿದ ಹಾಗಿರುತ್ತದೆ.

ಯಂತ್ರಕ್ಕೆ ನಾನು ‘ಮುನಿಸಿಕೊಂಡ ಅತ್ತೆ’ ಎಂದು ಹೆಸರಿಟ್ಟಿದ್ದೇನೆ. ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತದೆ, ಒಂದು ಮಾತಿಲ್ಲ. ನಿನ್ನ ಚಿಕ್ಕಪ್ಪನ ಹಲ್ಲಿನ ಕಥೆಯನ್ನು ಅದಕ್ಕೆ ಹೇಳಿದೆ. ನಿನ್ನ ಕಾಗದ ಓದಿದ ರಾತ್ರಿ ನಾನು ನಕ್ಕಿದ್ದೆ, ಆದರೆ ಕೋಣೆಯಲ್ಲಿ ಒಬ್ಬಳೇ ನಕ್ಕ ಸದ್ದು ಕೇಳಿ ಹೆದರಿಕೆಯಾಯಿತು.

ಕಿಟಕಿ ತೆಗೆಯುತ್ತೇನೆ, ಬಾಚುತ್ತೇನೆ, ಕೂತು ಉಣ್ಣುತ್ತೇನೆ. ಅಕ್ಕಾ, ಅವು ಇನ್ನೂ ನಡೆಯುತ್ತಿವೆ, ಆದರೆ ಒಳಗೆ ಏನೂ ಬಂದು ಸೇರುತ್ತಿಲ್ಲ. ಆಗಸ್ಟ್‌ಗೆ ನಿನ್ನ ಜಾಗ ಉಳಿಸಿಡಿ ಎಂದು ಮೇಸ್ತ್ರಿಯನ್ನು ಕೇಳಿದೆ. ಅವನು ನಕ್ಕ. ಯಾವ ಜಾಗ ಎಂದ. ಅವನು ಯಾಕೆ ನಕ್ಕ? ನೀನು ಬರುತ್ತೀಯ ತಾನೆ?

ಗಿಡ್ಡಿ


ಏಪ್ರಿಲ್ 22

ಗಿಡ್ಡಿ,

ಮೇಸ್ತ್ರಿ ನಗುವುದಕ್ಕೆಲ್ಲ ಅರ್ಥ ಹುಡುಕಿದರೆ ನೀನು ಬದುಕಿದ ಹಾಗೇ. ಅವನು ಸತ್ತವರ ಮನೆಯಲ್ಲೂ ನಗುತ್ತಾನೆ.

ಯಂತ್ರಕ್ಕೆ ಕಥೆ ಹೇಳಬೇಡ, ನೋಡಿದವರು ಇವಳಿಗೆ ತಲೆ ಕೆಟ್ಟಿದೆ ಎಂದು ಮೇಲಿನ ವಾರ್ಡಿಗೆ ಸೇರಿಸಿಯಾರು. ಆದರೆ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಹಿಂದೆ, ಹಿಂದೆ ಎಂದು ಹಗಲೆಲ್ಲ ನಿನ್ನನ್ನು ನೀನೇ ತಳ್ಳಿಕೊಂಡರೆ ಮನಸ್ಸು ಸೋಲದೆ ಏನು ಮಾಡುತ್ತದೆ? ಹನ್ನೊಂದು ವರ್ಷದ ರೂಢಿಯ ಜೊತೆ ಯಾಕೆ ಜಗಳ? ನಿನ್ನ ಕೈಗೆ ಕಣ್ಣು ಬೇಕಾಗಿಲ್ಲ ಎಂದು ನಾನು ಯಾವತ್ತೂ ಹೇಳುತ್ತಿದ್ದೆ. ಆ ಕೈಯನ್ನು ಅದರ ಪಾಡಿಗೆ ಬಿಡು. ನಾನು ಆ ತುದಿಯಲ್ಲಿ ನಿಂತಿದ್ದೇನೆ ಅಂದುಕೊ. ನಿನ್ನ ಎರಡು ಹೆಜ್ಜೆ ಇಡು. ನಾನು ಏನು ಹೇಳಿಯೇನು ಎಂದು ನೀನೇ ಒಂದು ಮಾತು ಊಹಿಸಿಕೊ. ರಾತ್ರಿ ಅರ್ಧ ಪುಟದಲ್ಲಿ ಆ ಮಾತುಗಳನ್ನು ಬರೆದಿಡು. ಹೀಗೆ ಒಂದು ವಾರ ಮಾಡಿ ನೋಡಿ ನನಗೆ ತಿಳಿಸು.

ಮಗು ಬೋರಲು ಬಿದ್ದಿತು. ನಾನೇ ಮೊದಲು ನೋಡಿದ್ದು.

ಉದ್ದಕ್ಕ


ಮೇ 30

ಗಿಡ್ಡಿ,

ಐದು ವಾರವಾಯಿತು. ನಡುವೆ ನಾನು ಹಾಕಿದ ಎರಡು ಕಾರ್ಡಿಗೂ ಉತ್ತರವಿಲ್ಲ.

ಮೊದಲು ಹೆದರಿಕೆಯಾಯಿತು. ಆಮೇಲೆ ಯೋಚಿಸಿ ನೋಡಿದೆ, ನನಗೆ ಅರ್ಥವಾಯಿತು. ನಿನ್ನ ಮುಖದ ಕಳೆಯನ್ನು ಮೆಟ್ಟಿಲ ಬಳಿ ನಿಲ್ಲಿಸಿ ವಿಚಾರಿಸುವವರು ಒಬ್ಬರು ಇದ್ದಾರಲ್ಲ. ಬೀಗದವನು ಒಳ್ಳೆಯವನೇ, ಕಿವಿ ಸ್ವಲ್ಪ ದೊಡ್ಡದು. ಹಾಗೇನಾದರೂ ಇದ್ದರೆ ನನ್ನಿಂದ ಮುಚ್ಚಿಡುವ ಅಗತ್ಯವಿಲ್ಲ, ನಾನು ನಿನ್ನ ಅತ್ತೆಯಲ್ಲ. ಸುಖ ಬಂದ ಮೇಲೆ ಕಾಗದ ನಿಲ್ಲುವುದು ಲೋಕರೂಢಿ. ನನಗೆ ಸಂತೋಷವೇ. ಒಂದು ಸಾಲು ಬರೆದಿದ್ದರೆ ನಿನ್ನ ಕೈ ಸವೆದುಹೋಗುತ್ತಿರಲಿಲ್ಲ, ಅಷ್ಟೇ ನನ್ನ ದೂರು.

ಉದ್ದಕ್ಕ


ಜೂನ್ 27

ಉದ್ದಕ್ಕಾ,

ನಾನು ಚೆನ್ನಾಗಿದ್ದೇನೆ. ಬೀಗದವನದು ಏನೂ ಇಲ್ಲ. ಕೆಲಸ ಬದಲಾಗಿದೆ. ಈಗ ಮೇಲೆ, ಹೊರರೋಗಿಗಳ ಬಾಗಿಲಲ್ಲಿ ನಂಬರಿನ ಚೀಟಿ ಕೊಡುವುದು. ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ಅಕ್ಷರ ಹೀಗಿದೆ.

ಆಗಸ್ಟ್‌ಗೆ ಯಾವ ದಿನ ಬರುತ್ತೀಯ?

ಗಿಡ್ಡಿ


ಜುಲೈ 8

ಗಿಡ್ಡಿ,

ಎರಡು ತಿಂಗಳು ಕಾದದ್ದಕ್ಕೆ ಆರು ಸಾಲು. ಆ ಆರು ಸಾಲು ಕೋಳಿ ಕೆದರಿದ ಹಾಗೆ. ಬಸ್ಸಿನಲ್ಲಿ ಬರೆದೆ ಅನ್ನುತ್ತೀಯ. ನಿನ್ನ ಕೋಣೆಯಿಂದ ಆಸ್ಪತ್ರೆಗೆ ನಡೆದರೆ ಹತ್ತು ನಿಮಿಷ. ಯಾವ ಬಸ್ಸು?

ಅರ್ಧ ಪುಟ ಬರೆಯುವುದನ್ನು ಬಿಟ್ಟಿದ್ದೀಯ. ಅದಕ್ಕೆ ಅಕ್ಷರ ಹಾಳಾಗಿದೆ. ಅದನ್ನು ಬಿಟ್ಟವಳು ಬಾಚಣಿಗೆಯನ್ನೂ ಬಿಟ್ಟಿರುತ್ತಾಳೆ, ಹಾಸಿಗೆಯನ್ನೂ ಸುತ್ತುತ್ತಿಲ್ಲ, ಎಲ್ಲ ನನ್ನ ಕಣ್ಣಿಗೆ ಕಾಣುತ್ತಿದೆ. ಯಂತ್ರದ ಕೆಲಸವನ್ನೂ ಬಿಟ್ಟು ಚೀಟಿ ಹರಿಯಲು ಕೂತಿದ್ದೀಯ. ಅದು ಹೇಗೆ ಸಿಕ್ಕ ಕೆಲಸ ಎಂದು ನಿನಗೆ ಗೊತ್ತಿಲ್ಲ. ಬೇರೆಯವರ ಗಂಟಲಿಂದ ತೆಗೆದು ನಿನ್ನ ಬಾಯಿಗೆ ಇಟ್ಟ ತುತ್ತು ಅದು. ಅಸಡ್ಡೆಗೂ ಒಂದು ಮಿತಿ ಬೇಡವೇ?

ಆಗಸ್ಟ್‌ಗೆ ನಾನು ಬರುವುದಿಲ್ಲ. ಮಗುವಿಗೆ ಹಲ್ಲು ಬರುವ ಸಮಯ, ಇವರು ನನ್ನನ್ನು ಬಿಡುವುದಿಲ್ಲ. ನೀನಾದರೂ ನನ್ನ ದಾರಿ ನೋಡುತ್ತಿರುವಂತೆ ಕಾಣುವುದಿಲ್ಲ.

ಉದ್ದಕ್ಕ


ಆಗಸ್ಟ್ 2

ಉದ್ದಕ್ಕಾ,

ಈ ಕಾಗದಕ್ಕೆ ಆರು ದಿನ ಹಿಡಿಯಿತು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅರ್ಧ ಪುಟದ ರೂಢಿ ಬಿಟ್ಟಿಲ್ಲ, ನನ್ನ ಅರ್ಧ ಪುಟ ಈಗ ನಾಲ್ಕು ಸಾಲು.

ನಿನ್ನ ಏಪ್ರಿಲಿನ ಕಾಗದ ಬಂದ ಮಾರನೆಯ ದಿನದಿಂದ ನೀನು ಹೇಳಿದ ಹಾಗೆ ಮಾಡಿದೆ. ಹಿಂದೆ ಎನ್ನುವುದನ್ನು ಬಿಟ್ಟೆ. ನೀನು ಆ ತುದಿಯಲ್ಲಿ ನಿಂತಿದ್ದೆ, ಬೆನ್ನು ಸ್ವಲ್ಪ ಬಗ್ಗಿಸಿಕೊಂಡು. ನಾನು ಪಟ್ಟಿಯಿಂದ ಎರಡು ಹೆಜ್ಜೆ ದೂರ ನಿಂತು, ನಡೆದು ಬಂದು, ಮೂಲೆ ಕೊಟ್ಟು, ಒಂದು ಮಾತು ಕೇಳಿಸಿಕೊಳ್ಳುತ್ತಿದ್ದೆ. ಏಳು ದಿನ ಬಹಳ ಚೆನ್ನಾಗಿತ್ತು. ನೀನು ಹೋದ ಮೇಲೆ ಅಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ. ರಾತ್ರಿ ಬರೆದಿಟ್ಟ ಮಾತುಗಳು ಇಪ್ಪತ್ತು ಚೀಟಿಯಾದವು.

ಎಂಟನೇ ದಿನ, ಮೇ ಏಳು, ಮಧ್ಯಾಹ್ನದ ಊಟದ ಗಂಟೆಗೆ ಸ್ವಲ್ಪ ಮೊದಲು. ನೀನು ಏನೋ ಹೇಳಲು ಹೊರಟಿದ್ದೆ, ನನಗೆ ಸರಿಯಾಗಿ ಕೇಳಲಿಲ್ಲ. ಕೇಳಲೆಂದು ಇನ್ನೂ ಸ್ವಲ್ಪ ಮುಂದೆ ಬಾಗಿದೆ. ಕೈ ಬಿಡಲಿಲ್ಲ. ನೀನು ಹಿಡಿದುಕೊಳ್ಳುವವರೆಗೆ ನಾನು ಯಾವತ್ತೂ ಮೂಲೆ ಬಿಟ್ಟವಳಲ್ಲ. ಬೆರಳು ತಾಗಿದರೆ ಯಂತ್ರ ನಿಲ್ಲುವಂತೆ ಉರುಳೆಯ ಮುಂದೆ ಒಂದು ಅಡ್ಡಕಂಬಿ ಇತ್ತು, ಪದೇ ಪದೇ ನಿಲ್ಲುತ್ತದೆಂದು ಅದನ್ನು ಮೇಲಕ್ಕೆ ಕಟ್ಟಿದ್ದರು. ಬಲಗೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಬಿಸಿ ಉರುಳೆ. ಹೆಬ್ಬೆರಳು ಉಳಿದಿದೆ. ಉಳಿದ ನಾಲ್ಕನ್ನು ಮೇಲಿನ ಮಹಡಿಯಲ್ಲಿ ತೆಗೆದರು. ನನಗೆ ಹಾಸಿದ್ದ ಬೆಡ್‌ಶೀಟು ಯಂತ್ರದ್ದೇ, ಸೊಟ್ಟ ಇರಲಿಲ್ಲ.

ನಿನಗೆ ಹೇಳಬಾರದೆಂದು ಇದ್ದೆ. ಹೇಳಿದರೆ ನೀನು ಆ ಕಾಗದ ಬರೆದ ಕೈಯನ್ನು ನೋಡಿಕೊಂಡು ಕೂರುತ್ತೀಯ ಎಂದು. ಆದರೆ ನೀನು ಅಸಡ್ಡೆ ಅಂದೆ. ಅದನ್ನು ಮಾತ್ರ ನುಂಗಲು ಆಗಲಿಲ್ಲ. ನಾನು ನೀನು ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ ಅಕ್ಕಾ.

ಮೇಸ್ತ್ರಿ ವಾರ್ಡಿಗೆ ನೋಡಲು ಬಂದಿದ್ದ. ಪಾಪ, ಅವನೂ ಅತ್ತ. ಅಳುತ್ತಾ ಒಂದು ಮಾತು ಅಂದ. “ನಂದೇನು ತಪ್ಪಿಲ್ಲಮ್ಮ, ಜನವರಿಲಿ ನಿಮ್ಮ ಉದ್ದಕ್ಕನೇ ನಿನ್ನ ಹೆಸರು ಹೇಳಿದ್ದು. ಮಿಷನ್ನಿಗೆ ಗಿಡ್ಡಿನೇ ಇರ್ಲಿ ಅಂತ.” ನಿಜವೇ? ಜನವರಿಯಲ್ಲೇ ನಿನಗೆ ಗೊತ್ತಿತ್ತೇ? ಆ ತುದಿಯೇ ಇರುವುದಿಲ್ಲ ಎಂದು ತಿಳಿದೂ ಆಗಸ್ಟ್‌ಗೆ ಬರುತ್ತೇನೆ ಅಂದೆಯಾ?

ಗಿಡ್ಡಿ


ಆಗಸ್ಟ್ 8

ನನ್ನ ಗಿಡ್ಡಿ,

ನಿಜ.

ಜನವರಿಯಲ್ಲಿ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದು, ಯಂತ್ರ ಬರುತ್ತದೆ, ನಿಮ್ಮಿಬ್ಬರಲ್ಲಿ ಒಬ್ಬರೇ ಸಾಕು, ಯಾರೆಂದು ನೀನೇ ಹೇಳು ಅಂದ. ಗಿಡ್ಡಿ ಅಂದೆ. ಅವಳ ಕೈಗೆ ಕಣ್ಣು ಬೇಕಾಗಿಲ್ಲ ಅಂದೆ. ನಿನಗೆ ಒಂದು ಅನ್ನದ ದಾರಿ ಕೊಟ್ಟು ಹೋಗುತ್ತಿದ್ದೇನೆ ಎಂದು ಬಸ್ಸಿನಲ್ಲಿ ಕೂತು ಹೆಮ್ಮೆಪಟ್ಟೆ. ನಿನಗೆ ಹೇಳಿದ್ದರೆ ನೀನು ನನ್ನ ಜೊತೆ ಕೆಲಸ ಬಿಟ್ಟು ಬರುತ್ತಿದ್ದೆ, ಇಬ್ಬರೂ ಬೀದಿಗೆ ಬೀಳುತ್ತಿದ್ದೆವು. ಆಗಸ್ಟ್ ಅಂದದ್ದು ಯಾಕೆಂದರೆ ಎದುರಿಗೆ ಒಂದು ತಾರೀಕು ಇದ್ದರೆ ಮನುಷ್ಯ ಬೆಳಿಗ್ಗೆ ಏಳುತ್ತಾನೆ. ಆಗಸ್ಟ್ ಹತ್ತಿರ ಬರುವಷ್ಟರಲ್ಲಿ ನಿನಗೆ ರೂಢಿಯಾಗಿರುತ್ತದೆ ಅಂದುಕೊಂಡೆ.

ಉಳಿದದ್ದನ್ನೂ ಹೇಳಿಬಿಡುತ್ತೇನೆ. ಮಗು ನನ್ನ ಕೈಯಲ್ಲಿ ಇಲ್ಲ. ನನಗಿಂತ ಮೊದಲೇ ತಮ್ಮನ ಹೆಂಡತಿಯ ತಾಯಿ ಬಂದಿದ್ದರು. ಲಾಂಡ್ರಿಯ ದೂಳಿನಿಂದ ಹತ್ತಿದ ನನ್ನ ಕೆಮ್ಮು ನಿನಗೆ ಗೊತ್ತಲ್ಲ, ಮಗುವಿಗೆ ತಾಗೀತೆಂದು ಹತ್ತಿರ ಬಿಡುವುದಿಲ್ಲ. ಅವರ ತಪ್ಪಲ್ಲ. ಮೆಟ್ಟಿಲ ಕೆಳಗಿನ ಕೋಣೆ ಕೊಟ್ಟಿದ್ದಾರೆ, ಅದಕ್ಕೆ ಕಿಟಕಿ ಇಲ್ಲ. ಮಗು ಬೋರಲು ಬಿದ್ದದ್ದನ್ನು ನಾನು ಗೋಡೆಯ ಈ ಕಡೆಯಿಂದ ಕೇಳಿಸಿಕೊಂಡೆ. ನಾನು ಏಳುವುದು ಹತ್ತು ಗಂಟೆಗೆ. ಹಾಸಿಗೆ ಸುತ್ತದೆ ಎಷ್ಟೋ ತಿಂಗಳಾಯಿತು. ನಿನಗೆ ಕಾಗದ ಬರೆಯುವ ದಿನ ಮಾತ್ರ ಎದ್ದು, ಮುಖ ತೊಳೆದು, ತಲೆ ಬಾಚಿ ಕೂರುತ್ತಿದ್ದೆ. ಹಾಗೆ ಕೂತು ನಿನಗೆ ಉಪದೇಶ ಮಾಡುತ್ತಿದ್ದೆ.

ಆ ಏಪ್ರಿಲಿನ ಕಾಗದದ ಬಗ್ಗೆ ಬರೆಯಲು ನನಗೆ ಶಕ್ತಿಯಿಲ್ಲ. ಆ ಯಂತ್ರವನ್ನು ನಾನು ನೋಡಿಯೇ ಇರಲಿಲ್ಲ ಗಿಡ್ಡಿ. ನೋಡದೆ ಹೇಳಿದೆ.

ನಾನು ಬರುತ್ತೇನೆ. ಕೆಲಸಕ್ಕಲ್ಲ, ನಿನ್ನ ಹತ್ತಿರಕ್ಕೆ. ಇಪ್ಪತ್ತೊಂದರ ಬಸ್ಸಿಗೆ ತಮ್ಮನಿಂದ ಟಿಕೀಟು ಮಾಡಿಸಿದ್ದೇನೆ. ನಿನ್ನ ತಲೆ ನಾನು ಬಾಚುತ್ತೇನೆ, ಅಡುಗೆ ನಾನು ಮಾಡುತ್ತೇನೆ. ನನಗೆ ಎರಡು ಕೈ ಇವೆ, ಅವಕ್ಕೆ ಇಲ್ಲಿ ಕೆಲಸವಿಲ್ಲ. ಬರಬೇಡ ಎನ್ನಬೇಡ.

ಉದ್ದಕ್ಕ


ಆಗಸ್ಟ್ 15

ಅಕ್ಕನವರಿಗೆ,

ನಿಮ್ಮ ಕಾಗದ ಬಂತು. ಎಲ್ಲವನ್ನೂ ತಿಳಿಸಿದ್ದೀರಿ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ದಿನಕ್ಕೆ ಮಾಡಲು ಒಂದು ಕೆಲಸ ಇರುತ್ತಿತ್ತು.

ಸೋಮವಾರ ಒಂದು ಸಂಗತಿ ನಡೆಯಿತು. ಚೀಟಿ ಕೊಡುವುದು ಮುಗಿದಿತ್ತು. ಓಣಿಯಲ್ಲಿ ಯಾವುದೋ ರೋಗಿಯ ಕಡೆಯ ಹೆಂಗಸು, ಗಂಡನನ್ನು ಮನೆಗೆ ಕರೆದುಕೊಂಡು ಹೋಗುವವಳು, ದೊಡ್ಡ ಕಂಬಳಿಯೊಂದನ್ನು ಒಬ್ಬಳೇ ಮಡಿಸಲು ಒದ್ದಾಡುತ್ತಿದ್ದಳು. ನನ್ನನ್ನು ಕಂಡು, “ಆ ಕಡೆ ಒಂಚೂರು ಹಿಡ್ಕೋಮ್ಮ” ಅಂದಳು. ನಾನು ಯೋಚಿಸಲಿಲ್ಲ. ಹೋಗಿ ತುದಿ ಎತ್ತಿ, ಅವಳು ಜಾಡಿಸಿದಾಗ ಜಾಡಿಸಿ, ಎರಡು ಹೆಜ್ಜೆ ಮುಂದೆ ಹೋದೆ. ಕೊಡುವಾಗ ಎಡಗೈಯ ಮೂಲೆ ಅವಳಿಗೆ ಸಿಕ್ಕಿತು. ಬಲಗಡೆಯದು ಕೆಳಗೆ ಬಿದ್ದಿತು. ಆಗ ಅವಳು ನನ್ನ ಕೈ ನೋಡಿದಳು. ತಪ್ಪಾಯಿತು, ನೋಡಲಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಾ ಕಂಬಳಿಯನ್ನು ಉಂಡೆ ಮಾಡಿ ಎದೆಗೆ ಅವುಚಿಕೊಂಡು ಹೋದಳು.

ಅವಳು ನೋಡಿದ್ದರಿಂದ ನನಗೆ ಬೇಸರವಾಗಲಿಲ್ಲ, ಎಲ್ಲರೂ ನೋಡುತ್ತಾರೆ. ಆ ಎರಡು ಹೆಜ್ಜೆ ಇಡುವಾಗ ನನಗೆ ಸಂತೋಷವಾಗಿತ್ತು. ಅದೇ ಹಳೆಯ ಸಂತೋಷ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ. ಕಿವಿ ಕೂಡ ಮುಂದೆ ಮಾಡಿದ್ದೆ.

ನೀವು ಬಂದರೆ ನನಗೆ ಅದೇ ಆಗುತ್ತದೆ. ನೀವು ಕಿಟಕಿ ತೆಗೆಯುತ್ತೀರಿ, ತಲೆ ಬಾಚುತ್ತೀರಿ, ಚಿಕ್ಕಪ್ಪಂದಿರ ಕಥೆ ಹೇಳುತ್ತೀರಿ, ನಾನು ಬೇಗ ಸರಿಹೋಗುತ್ತೇನೆ. ನನ್ನ ಮೈಗೆ ನಿಮ್ಮ ಮಾತು ಕೇಳುವುದು ಅಷ್ಟು ರೂಢಿಯಾಗಿದೆ. ಸರಿಹೋಗಲು ನನಗೆ ಹೆದರಿಕೆ. ಆ ಸಂತೋಷದ ಹಿಂದೆ ನಡೆದುಕೊಂಡು ಎಲ್ಲಿಗೆ ಹೋದೆ ಎಂದು ಒಂದು ಸಲ ನೋಡಿ ಆಯಿತು. ಆದ್ದರಿಂದ ಬರಬೇಡಿ. ಟಿಕೀಟು ವಾಪಸ್ ಮಾಡಿಸಿ. ನಿಮಗೂ ಅಲ್ಲಿ ಏನೂ ಇಲ್ಲ ಎಂದು ತಿಳಿದೇ ಹೇಳುತ್ತಿದ್ದೇನೆ.

ಹಾಸಿಗೆ ಸುತ್ತುವುದನ್ನು ಮಂಗಳವಾರ ಬಿಟ್ಟೆ. ಕಿಟಕಿಯನ್ನು ಬುಧವಾರ. ಒಂದೊಂದಾಗಿ ಬಿಡುತ್ತಿದ್ದೇನೆ, ಹಿಡಿದುಕೊಂಡ ಹಾಗೆಯೇ. ಅಂಚೆಯವನು ನಮ್ಮ ಓಣಿಗೆ ಬರುವುದು ಹನ್ನೊಂದಕ್ಕೆ. ನನಗೆ ಕೆಲಸದ ರಜೆ ಇದ್ದ ದಿನ ಆ ಹೊತ್ತಿಗೆ ನಾನು ಮೆಟ್ಟಿಲಿಳಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ನಿನ್ನೆ ಅವನಿಗೆ ನಿಮ್ಮ ಹಳೆಯ ಲಕೋಟೆಯೊಂದನ್ನು ತೋರಿಸಿ, ಈ ಅಕ್ಷರದ್ದು ಬಂದರೆ ಅಲ್ಲಿಂದಲೇ ಹಿಂದಕ್ಕೆ ಕಳಿಸು ಎಂದು ಹೇಳಿದ್ದೇನೆ. ಅವನು ಅಕ್ಷರವನ್ನು ಸರಿಯಾಗಿ ನೋಡಿಕೊಂಡು, ಆಯಿತು ಎಂದ. ಕಾರಣ ಕೇಳಲಿಲ್ಲ.